ಹೊಸ ಆಟಕ್ಕೆ ಪೂರ್ಣ ಕ್ರಯವನ್ನು ಕೊಡತಕ್ಕ ಕಾಲ

ಮನೆಯ ವೆಚ್ಚದ ವಿಚಾರವಾಗಿ ಈ ಪುಟಗಳಲ್ಲಿ ನಾವು ತಿಂಗಳು ತಿಂಗಳೂ ನಾಲ್ಕು ಮಾತುಗಳನ್ನು ಬರೆಯುತ್ತ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಈ ಸಲ ನಾವು ತೆಗೆದುಕೊಂಡಿರುವ ವಿಷಯವನ್ನು ನೋಡಿ ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಕಂಪ್ಯೂಟರಿನಲ್ಲಿ ಆಡುವ ಹೊಸ ಆಟಗಳನ್ನು ಪೂರ್ಣ ಕ್ರಯ ಕೊಟ್ಟು ಕೊಳ್ಳುವುದು ಯಾವಾಗ ಯುಕ್ತ, ಯಾವಾಗ ಅಯುಕ್ತ ಎಂಬುದೇ ಆ ವಿಷಯ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಹುಣಿಸೆಬೀಜವನ್ನು ಒಂದು ಮೈ ಉಜ್ಜಿ ದಾಳ ಮಾಡಿಕೊಂಡು, ಕಾಸಿನ ಖರ್ಚಿಲ್ಲದೆ ಬೇಸಗೆಯ ರಜವನ್ನೆಲ್ಲ ಕಳೆದವರಿಗೆ, ಒಂದು ಆಟಕ್ಕೆ ಮೂರು ಸಾವಿರ ರೂಪಾಯಿ ಎಂಬ ಮಾತು ಕಿವಿಗೆ ಕಠೋರವಾಗಿ ಕೇಳುವುದು ಸಹಜವೇ. ಆದರೆ ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆಯು ಬಾಗಿಲಿಗೇ ಬಂದು ನಿಂತಿದೆ. ಆಗಲೆಂದರೆ ದುಂದಾಯಿತೆಂಬ ಭಯ. ಒಲ್ಲೆನೆಂದರೆ ಮಗುವಿನ ಮುಖ ಬಾಡುವುದನ್ನು ನೋಡಬೇಕು. ಈ ಎರಡರ ನಡುವೆ ವಿವೇಕದ ದಾರಿಯೊಂದು ಉಂಟೇ ಎಂದು ವಿಚಾರಿಸುವುದು ನಮ್ಮ ಉದ್ದೇಶ.

ಮೊದಲು ಈ ಸರಕಿನ ಸ್ವಭಾವವನ್ನು ಅರಿಯಬೇಕು. ಕಂಪ್ಯೂಟರಿನ ಆಟಗಳು ಈಗ ಬಹುಮಟ್ಟಿಗೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಇಂಟರ್ನೆಟ್ಟಿನ ಅಂಗಡಿಗಳಿಂದ ಅವುಗಳನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಈ ಅಂಗಡಿಗಳಲ್ಲಿ ಹೆಸರಾದುದು ವಾಲ್ವ್ ಎಂಬ ಅಮೆರಿಕದ ಕಂಪನಿಯು ೨೦೦೩ರಲ್ಲಿ ತೆರೆದ ಸ್ಟೀಮ್. ೨೦೧೫ರಿಂದ ಅಲ್ಲಿ ನಮ್ಮ ದೇಶದವರು ರೂಪಾಯಿಯಲ್ಲಿಯೇ ಕ್ರಯವನ್ನು ತೆರಬಹುದಾಗಿದೆ. ಇಂತಹ ಅಂಗಡಿಯಲ್ಲಿ ಸರಕು ತೀರಿಹೋಯಿತೆಂಬ ಮಾತೇ ಇಲ್ಲ; ದಾಸ್ತಾನಿನ ಚಿಂತೆಯಾಗಲಿ, ಉಗ್ರಾಣದ ಬಾಡಿಗೆಯಾಗಲಿ ಇಲ್ಲ. ಆಟವನ್ನು ಕಟ್ಟುವ ಖರ್ಚು ಒಂದು ಸಲ ಆಗಿಹೋದ ಮೇಲೆ, ಇನ್ನೊಂದು ಪ್ರತಿಯನ್ನು ಮಾರುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಹೀಗಿರಲು ವ್ಯಾಪಾರಿಯು ಮಾಡುವುದಿಷ್ಟೆ: ಆತುರವುಳ್ಳವರಿಂದ ಮೊದಲು ಪೂರ್ಣ ಕ್ರಯವನ್ನು ಪಡೆಯುತ್ತಾನೆ, ಅವರ ಸರದಿ ಮುಗಿದ ಬಳಿಕ ಮುಕ್ಕಾಲು ಕ್ರಯಕ್ಕೂ, ಅನಂತರ ಅರ್ಧಕ್ಕೂ, ಕೊನೆಗೆ ಕಾಲುಪಾಲಿಗೂ ಅದೇ ಆಟವನ್ನು ಕೊಡುತ್ತಾನೆ. ಸ್ಟೀಮಿನಲ್ಲಿ ವರ್ಷಕ್ಕೆ ನಾಲ್ಕು ಋತುಗಳ ದೊಡ್ಡ ಸೋಡಿ ಮಾರಾಟಗಳು ನಡೆಯುವುದು ಇದಕ್ಕಾಗಿಯೇ.

ಇದು ಮೋಸವಲ್ಲ. ಬಾಳಿಕೆ ಬರುವ ಸರಕಿನ ಸಹಜ ಧರ್ಮ. ಅರ್ಥಶಾಸ್ತ್ರಕ್ಕಾಗಿ ೧೯೯೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರೊನಾಲ್ಡ್ ಕೋಸ್ ಎಂಬ ವಿದ್ವಾಂಸರು ೧೯೭೨ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಬಾಳುವ ವಸ್ತುವನ್ನು ತಾನೊಬ್ಬನೇ ಮಾರುವ ವ್ಯಾಪಾರಿಗೂ ಒಬ್ಬ ಪ್ರತಿಸ್ಪರ್ಧಿ ಇದ್ದೇ ಇರುತ್ತಾನೆ. ಅವನು ನಾಳೆಯ ದಿನ ಅದೇ ವಸ್ತುವನ್ನು ಅಗ್ಗವಾಗಿ ಮಾರಲಿರುವ ಅದೇ ವ್ಯಾಪಾರಿ. ನಾಳೆ ಬೆಲೆ ಇಳಿಯುವುದೆಂದು ಗಿರಾಕಿಯು ಬಲ್ಲನಾದರೆ ಇಂದು ಏಕೆ ಕೊಂಡಾನು? ಆಟಗಳ ಅಂಗಡಿಯಲ್ಲಿ ಈ ಮಾತನ್ನು ನಿತ್ಯವೂ ಕಣ್ಣಾರೆ ಕಾಣಬಹುದು.

ವಾಚಕರು ಮಾವಿನ ಹಣ್ಣಿನ ದೃಷ್ಟಾಂತವನ್ನು ತರಬಹುದು. ಸುಗ್ಗಿಗೆ ಮುಂಚೆ ಪೇಟೆಗೆ ಬರುವ ಬಾದಾಮಿ ಹಣ್ಣಿಗೆ ಬಾಯಿಗೆ ಬಂದ ಬೆಲೆ. ತಿಂಗಳೆರಡು ಕಳೆದರೆ ಅದೇ ಹಣ್ಣು ಬೀದಿಬೀದಿಯಲ್ಲಿ ಅಗ್ಗ. ಆದರೆ ಹಣ್ಣಿಗೂ ಆಟಕ್ಕೂ ಒಂದು ಮುಖ್ಯವಾದ ಭೇದವಿದೆ. ಹೆಚ್ಚು ಕಾದರೆ ಹಣ್ಣು ಕೊಳೆಯುತ್ತದೆ. ಆಟವಾದರೋ ಅನೇಕ ವೇಳೆ ಕಾದಷ್ಟೂ ಮಾಗುತ್ತದೆ. ಮೊದಲ ದಿನ ಹೆಚ್ಚು ಹಣ ಕೊಟ್ಟವನಿಗೆ ಕಾಯಿ, ವರ್ಷ ಕಳೆದು ಅರ್ಧ ಹಣ ಕೊಟ್ಟವನಿಗೆ ಹಣ್ಣು—ಎಂಬ ವಿಪರೀತವು ಈ ವ್ಯಾಪಾರದಲ್ಲಿ ಅಪರೂಪವಲ್ಲ.

ನಿದರ್ಶನಗಳಿಗೆ ಕೊರತೆಯಿಲ್ಲ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆಯವರು ‘ಸೈಬರ್‌ಪಂಕ್ ೨೦೭೭’ ಎಂಬ ಆಟವನ್ನು ೨೦೨೦ರ ಡಿಸೆಂಬರ್ ೧೦ರಂದು ಹೊರತಂದರು. ಲೋಕವೆಲ್ಲ ವರ್ಷಗಟ್ಟಲೆ ಕಾದಿದ್ದ ಆಟವದು. ಅದರಲ್ಲಿ ದೋಷಗಳು ಎಷ್ಟಿದ್ದುವೆಂದರೆ, ವಾರವೊಂದು ಕಳೆಯುವಷ್ಟರಲ್ಲಿ ಸೋನಿ ಕಂಪನಿಯವರು ತಮ್ಮ ಅಂಗಡಿಯಿಂದ ಅದನ್ನು ತೆಗೆದುಹಾಕಿ ಗಿರಾಕಿಗಳಿಗೆ ಹಣವನ್ನು ಹಿಂದಿರುಗಿಸಲು ತೊಡಗಿದರು; ಅಲ್ಲಿ ಅದು ಮರಳಿ ಕಾಣಿಸಿಕೊಂಡದ್ದು ೨೦೨೧ರ ಜೂನ್ ತಿಂಗಳಲ್ಲಿ. ೨೦೨೩ರ ಸೆಪ್ಟೆಂಬರಿನಲ್ಲಿ ಆಟದ ಅನೇಕ ಭಾಗಗಳನ್ನು ಹೊಸದಾಗಿ ಕಟ್ಟಿದ ಪರಿಷ್ಕರಣವು ಬಂದಿತು. ಇಂದು ಅದನ್ನು ಕೊಳ್ಳುವವರಿಗೆ ದೊರೆಯುವುದು ಈ ಪರಿಷ್ಕೃತವಾದ ಆಟ. ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡದವರು ೨೦೧೬ರ ಆಗಸ್ಟಿನಲ್ಲಿ ತಂದ ‘ನೋ ಮ್ಯಾನ್ಸ್ ಸ್ಕೈ’ ಎಂಬುದರ ಕಥೆಯೂ ಇಂತಹುದೇ. ಜನರು ನಿರೀಕ್ಷಿಸಿದ್ದ ಎಷ್ಟೋ ಅಂಶಗಳು ಮೊದಲ ದಿನ ಅದರಲ್ಲಿರಲಿಲ್ಲ. ಗೆಳೆಯರು ಒಡಗೂಡಿ ಆಡುವ ಪೂರ್ಣ ಸೌಕರ್ಯವು ೨೦೧೮ರ ಜುಲೈಯಲ್ಲಿ ಸೇರಿತು. ಆ ತಂಡದವರು ಓಡಿಹೋಗದೆ ವರ್ಷ ವರ್ಷವೂ ಹೊಸ ಭಾಗಗಳನ್ನು ಪುಕ್ಕಟೆಯಾಗಿ ಕೊಟ್ಟು ಮಾತನ್ನು ಉಳಿಸಿಕೊಂಡರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ‘ಬ್ಯಾಟ್‌ಮನ್: ಆರ್ಕಮ್ ನೈಟ್’ ಎಂಬ ಆಟದ ಕಂಪ್ಯೂಟರ್ ಆವೃತ್ತಿಯಂತೂ ೨೦೧೫ರ ಜೂನ್ ತಿಂಗಳಲ್ಲಿ ಹೊರಟ ಕೆಲವೇ ದಿನಗಳಲ್ಲಿ ಪ್ರಕಾಶಕರಿಂದಲೇ ಮಾರಾಟಕ್ಕೆ ತಡೆಯಾಗಿ, ಅಕ್ಟೋಬರಿನವರೆಗೂ ಅಂಗಡಿಗೆ ಮರಳಲಿಲ್ಲ.

ಇವುಗಳಿಂದ ಕಲಿಯಬೇಕಾದ ಮೊದಲ ಪಾಠವು ಸುಲಭವಾದುದು. ಆಟವು ಹೊರಡುವುದಕ್ಕೆ ಮುಂಚೆ ಮುಂಗಡ ಹಣ ಕೊಟ್ಟು ಕಾದಿರಿಸುವುದರಿಂದ ಗೃಹಸ್ಥನಿಗೆ ಹೆಚ್ಚಿನ ಲಾಭವಿಲ್ಲ. ತೀರಿಹೋಗದ ಸರಕಿಗೆ ಸಾಲಿನಲ್ಲಿ ಮೊದಲು ನಿಲ್ಲುವುದೇಕೆ? ಕೆಲವು ಕಂಪನಿಗಳು ಇನ್ನಷ್ಟು ಹೆಚ್ಚು ಹಣ ಕೊಟ್ಟವರಿಗೆ ಮೂರು ನಾಲ್ಕು ದಿನ ಮುಂಚೆಯೇ ಆಡಲು ಬಿಡುವ ಏರ್ಪಾಡನ್ನೂ ಮಾಡಿವೆ. ಪರೀಕ್ಷಕನ ಕೆಲಸವನ್ನು ತಾನೇ ಮಾಡಿ ಅದಕ್ಕಾಗಿ ತಾನೇ ಸಂಬಳ ಕೊಡುವ ವ್ಯವಹಾರವಿದು ಎಂದು ನಮಗೆ ತೋರುತ್ತದೆ. ಎರಡು ಮೂರು ವಾರ ತಾಳಿದರೆ, ಆಡಿದವರ ಅಭಿಪ್ರಾಯಗಳು ಅಂಗಡಿಯ ಪುಟದಲ್ಲಿಯೇ ಬಂದು ಬೀಳುತ್ತವೆ. ಅವುಗಳಲ್ಲಿ ಹೊಗಳಿಕೆಗಿಂತ ದೂರುಗಳನ್ನು ಗಮನವಿಟ್ಟು ಓದುವುದು ಲೇಸು.

ಹೊಸದೆಲ್ಲವೂ ಕಾಯಿಯೆಂದು ಹೇಳಲಾಗದು. ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆಯವರು ‘ಬಾಲ್ಡರ್ಸ್ ಗೇಟ್ ೩’ ಎಂಬ ಆಟವನ್ನು ೨೦೨೦ರ ಅಕ್ಟೋಬರಿನಲ್ಲಿ ಅಪೂರ್ಣವೆಂದು ಹೇಳಿಯೇ ಮಾರಾಟಕ್ಕಿಟ್ಟು, ಆಡಿದವರ ಮಾತುಗಳನ್ನು ಕೇಳಿ ತಿದ್ದುತ್ತ, ೨೦೨೩ರ ಆಗಸ್ಟಿನಲ್ಲಿ ಪೂರ್ಣರೂಪದಲ್ಲಿ ಹೊರತಂದರು. ಪೂರ್ಣಗೊಂಡ ಆಟವನ್ನು ಆಗ ಪೂರ್ಣ ಕ್ರಯಕ್ಕೆ ಕೊಂಡವರು ಪಶ್ಚಾತ್ತಾಪ ಪಡಲು ಕಾರಣವಿರಲಿಲ್ಲ. ಆದರೆ ಆ ಆಟವು ಯಂತ್ರದಲ್ಲಿ ೧೫೦ ಗಿಗಾಬೈಟುಗಳ ಸ್ಥಳವನ್ನು ಬೇಡುತ್ತದೆ ಎಂಬುದನ್ನು ಕೊಳ್ಳುವ ಮುಂಚೆ ನೋಡಿಕೊಳ್ಳದವರು, ಆಟದ ಜತೆಗೆ ಹೊಸ ಡಿಸ್ಕಿಗೂ ಹಣ ತೆರಬೇಕಾಗುತ್ತಿತ್ತು. ಅಂಗಡಿಯ ಪುಟದ ಕೆಳಭಾಗದಲ್ಲಿ ಯಂತ್ರದ ಅಗತ್ಯಗಳ ಪಟ್ಟಿಯಿರುತ್ತದೆ. ಕ್ರಯಕ್ಕಿಂತ ಮೊದಲು ಅದನ್ನು ಓದತಕ್ಕದ್ದು.

ಹಾಗಾದರೆ ಸದಾ ಕಾಯುವುದೇ ಧರ್ಮವೋ ಎಂದು ಕೇಳಿದರೆ, ಅಲ್ಲವೆಂದು ನಾವು ಹೇಳುತ್ತೇವೆ. ಪೂರ್ಣ ಕ್ರಯವನ್ನು ಸಂತೋಷವಾಗಿ ಕೊಡತಕ್ಕ ಸಂದರ್ಭಗಳೂ ಉಂಟು.

ಆಟಗಳಲ್ಲಿ ಎರಡು ಜಾತಿ. ಒಂದು, ಗ್ರಂಥದಂತೆ ಒಬ್ಬರೇ ಕುಳಿತು ಅನುಭವಿಸತಕ್ಕದ್ದು. ಗ್ರಂಥವು ಕಪಾಟಿನಲ್ಲಿ ಹತ್ತು ವರ್ಷ ಇದ್ದರೂ ಅದರ ಕಥೆ ಬದಲಾಗದು. ‘ದಿ ವಿಚರ್ ೩’ ಎಂಬ ಆಟವು ೨೦೧೫ರ ಮೇ ತಿಂಗಳಲ್ಲಿ ಬಂದಿತು; ಅದರ ಎರಡು ಅನುಬಂಧಗಳನ್ನೂ ಒಳಗೊಂಡ ಸಮಗ್ರ ಆವೃತ್ತಿಯು ೨೦೧೬ರ ಆಗಸ್ಟಿನಲ್ಲಿ ಬಂದಿತು. ಹದಿನೈದು ತಿಂಗಳು ತಾಳಿದವರಿಗೆ ಆಟವೂ ಅನುಬಂಧವೂ ಒಟ್ಟಿಗೆ ದೊರೆತವು. ಕಳೆದುಕೊಂಡದ್ದು ಏನೂ ಇಲ್ಲ. ಎರಡನೆಯದು ಜಾತ್ರೆಯಂತಹುದು. ಜನರು ನೆರೆದಾಗಲೇ ಅದರ ಸೊಗಸು. ತೇರು ಎಳೆದ ಮಾರನೆಯ ವಾರ ಹೋದವನಿಗೆ ಕಾಣುವುದು ಬರಿಯ ಬಯಲು. ಹಲವರು ಕೂಡಿ ಆಡುವ ಆಟಗಳು ಈ ಜಾತಿಯವು. ಇವುಗಳಿಗೆ ಹೋಗುವುದಾದರೆ ಗೆಳೆಯರು ಹೋಗುವ ದಿನವೇ ಹೋಗಬೇಕು.

ಆದರೆ ಜಾತ್ರೆ ನೆರೆಯುವುದೆಂಬ ಭರವಸೆ ಮೊದಲು ಬೇಕು. ಸೋನಿಯವರ ‘ಕಾನ್ಕಾರ್ಡ್’ ಎಂಬ ಆಟವು ೨೦೨೪ರ ಆಗಸ್ಟ್ ೨೩ರಂದು ತೆರೆದು, ಆಡುವ ಜನರೇ ಸಾಲದೆ, ಸೆಪ್ಟೆಂಬರ್ ೬ರಂದು ಮುಚ್ಚಿಹೋಯಿತು. ಕೊಂಡವರಿಗೆ ಹಣವು ಹಿಂದಿರುಗಿದುದೇ ಪುಣ್ಯ. ಯೂಬಿಸಾಫ್ಟ್ ಕಂಪನಿಯವರು ೨೦೧೪ರಲ್ಲಿ ಮಾರಿದ ‘ದಿ ಕ್ರೂ’ ಎಂಬ ಮೋಟಾರು ಪಂದ್ಯದ ಆಟವು ೨೦೨೪ರ ಮಾರ್ಚ್ ೩೧ರಂದು ಅವರ ಯಂತ್ರಗಳು ನಿಂತೊಡನೆ, ಹಣ ಕೊಟ್ಟು ಕೊಂಡವರಿಗೂ ಆಡಲಾರದಂತಾಯಿತು. ಕಂಪನಿಯ ಯಂತ್ರವನ್ನು ಆಶ್ರಯಿಸಿದ ಆಟಕ್ಕೆ ಆಯುಷ್ಯವನ್ನು ಬರೆಯುವವನು ಕೊಂಡವನಲ್ಲ, ಮಾರಿದವನು.

ಈ ಸಂಬಂಧವಾಗಿ ೨೦೨೫ರ ಬೇಸಗೆಯಲ್ಲಿ ಗೃಹಿಣಿಯೊಬ್ಬರು ನಮಗೆ ಬರೆದ ಪತ್ರವು ನೆನಪಿಗೆ ಬರುತ್ತದೆ. ಅವರ ಮಗಳು ಓದು ಮುಗಿಸಿ ಜೂನ್ ತಿಂಗಳಲ್ಲಿ ಪರವೂರಿಗೆ ಉದ್ಯೋಗಕ್ಕೆ ಹೊರಡುವವಳು, ಮಗನು ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದನು. ಮಾರ್ಚಿ ತಿಂಗಳಲ್ಲಿ ಹೊರಟಿದ್ದ ‘ಸ್ಪ್ಲಿಟ್ ಫಿಕ್ಷನ್’ ಎಂಬ ಆಟವನ್ನು ಅಕ್ಕ ತಮ್ಮ ಇಬ್ಬರೂ ಬಯಸಿದ್ದರು. ಅಮೆರಿಕದಲ್ಲಿ ೫೦ ಡಾಲರು ಕ್ರಯದ ಆಟ. ನಮ್ಮ ನಡುತರಗತಿಯ ಮನೆಗೆ ಅದು ಸಣ್ಣ ವೆಚ್ಚವಲ್ಲ. ದೀಪಾವಳಿಯ ಹೊತ್ತಿಗೆ ಅಗ್ಗವಾಗುವುದೆಂದು ಮಕ್ಕಳಿಗೆ ಸಮಾಧಾನ ಹೇಳಿದ್ದೇನೆ, ಸರಿಯೇ ಎಂದು ಆಕೆ ಕೇಳಿದ್ದರು.

ಲೆಕ್ಕದ ದೃಷ್ಟಿಯಿಂದ ಆಕೆಯ ಮಾತು ಸರಿಯಾಗಿಯೇ ಇದ್ದಿತು. ಆದರೂ ಈಗಲೇ ಕೊಳ್ಳಿರೆಂದು ನಾವು ಉತ್ತರ ಬರೆದೆವು. ಸ್ವೀಡನ್ನಿನ ಹೇಜ್‌ಲೈಟ್ ಸಂಸ್ಥೆಯ ಆ ಆಟವನ್ನು ಇಬ್ಬರು ಕೂಡಿಯೇ ಆಡಬೇಕು, ಒಬ್ಬರಿಂದ ಆಗದು. ಒಂದೇ ಪ್ರತಿಯನ್ನು ಕೊಂಡರೆ ಇಬ್ಬರಿಗೂ ಸಾಕು. ಒಂದೇ ತೆರೆಯ ಮುಂದೆ ಜತೆಯಾಗಿ ಕುಳಿತೂ ಆಡಬಹುದು. ಹದಿನೈದು ತಾಸಿನ ಆಸುಪಾಸಿನಲ್ಲಿ ಕಥೆಯು ಮುಗಿಯುತ್ತದೆ. ದೀಪಾವಳಿಗೆ ಆಟದ ಬೆಲೆಯು ಇಳಿದೀತು, ನಿಜ. ಆದರೆ ಆ ಅಕ್ಕತಮ್ಮಂದಿರು ಒಂದೇ ಸೂರಿನ ಕೆಳಗೆ ದಿನವಿಡೀ ಇರುವ ಬೇಸಗೆ ದೀಪಾವಳಿಗೆ ಬಾರದು. ಮದುವೆ, ಉದ್ಯೋಗ, ದೂರದ ಊರು—ಇವು ಒಂದರ ಮೇಲೊಂದು ಬಂದು, ಮನೆಯ ಮಕ್ಕಳು ಅತಿಥಿಗಳಾಗುವ ಕಾಲವು ನಾವೆಣಿಸಿದುದಕ್ಕಿಂತ ಬೇಗ ಬರುತ್ತದೆ. ಪೂರ್ಣ ಕ್ರಯದಲ್ಲಿ ಆಕೆ ಹೆಚ್ಚಾಗಿ ಕೊಡುವ ಸಾವಿರ ರೂಪಾಯಿ ಆ ಬೇಸಗೆಗೆ ಸಲ್ಲುವ ಬೆಲೆಯೆಂದು ನಾವು ತಿಳಿದೆವು.

ಪೂರ್ಣ ಕ್ರಯಕ್ಕೆ ಅರ್ಹವಾದ ಮತ್ತೊಂದು ಬಗೆಯೆಂದರೆ, ಸಣ್ಣ ತಂಡಗಳ ಸಣ್ಣ ಬೆಲೆಯ ಆಟಗಳು. ಸ್ಟೀಮ್ ಅಂಗಡಿಯು ಸಾಮಾನ್ಯವಾಗಿ ನೂರಕ್ಕೆ ೩೦ರಷ್ಟನ್ನು ತನ್ನ ಪಾಲಾಗಿ ಹಿಡಿದುಕೊಳ್ಳುತ್ತದೆ. ಉಳಿದುದರಲ್ಲಿ ತಂಡವು ಬಾಳಬೇಕು. ಆಸ್ಟ್ರೇಲಿಯದ ಟೀಮ್ ಚೆರಿ ಎಂಬ ಕೆಲವೇ ಮಂದಿಯ ತಂಡವು ೨೦೧೯ರಲ್ಲಿ ಘೋಷಿಸಿದ ‘ಸಿಲ್ಕ್‌ಸಾಂಗ್’ ಆಟವನ್ನು ೨೦೨೫ರ ಸೆಪ್ಟೆಂಬರ್ ೪ರಂದು ಹೊರತಂದಾಗ ಅಮೆರಿಕದಲ್ಲಿ ಇಟ್ಟ ಕ್ರಯ ೨೦ ಡಾಲರು ಮಾತ್ರ. ಇಷ್ಟರಲ್ಲಿ ಉಳಿಸುವುದೇನು? ಪ್ರಾಗ್ ನಗರದ ತಂಡವೊಂದರ ‘ಫ್ಯಾಕ್ಟೋರಿಯೊ’ ಎಂಬ ಆಟಕ್ಕಂತೂ ಎಂದೂ ಸೋಡಿಯಿಲ್ಲ. ೨೦೧೬ರಲ್ಲಿ ೨೦ ಡಾಲರು, ೨೦೧೮ರಲ್ಲಿ ೩೦, ೨೦೨೩ರಲ್ಲಿ ೩೫ ಎಂದು ಅದರ ಕ್ರಯವು ಏರುತ್ತಲೇ ಬಂದಿದೆ. ಕಾದವನೇ ಅಲ್ಲಿ ಹೆಚ್ಚು ತೆತ್ತನು. ನಮ್ಮ ದೇಶದಲ್ಲಿಯೂ ಈ ಕಸುಬಿನವರಿದ್ದಾರೆ. ಬೆಂಗಳೂರಿನಲ್ಲಿ ೧೯೯೭ರಲ್ಲಿ ಹುಟ್ಟಿದ ಧ್ರುವ ಎಂಬ ಸಂಸ್ಥೆಯು ಬಹುಕಾಲ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. ಪುಣೆಯ ತಂಡವೊಂದು ನಮ್ಮ ಪುರಾಣಗಳಿಂದ ಸ್ಫೂರ್ತಿ ಪಡೆದು ೨೦೨೦ರಲ್ಲಿ ‘ರಾಜಿ’ ಎಂಬ ಸ್ವಂತ ಆಟವನ್ನೇ ಹೊರತಂದಿತು. ಮಗ್ಗದ ಮುಂದೆ ಕುಳಿತ ನೇಕಾರನೊಡನೆ ಕಾಸುಕಾಸಿಗೂ ಚೌಕಾಶಿ ಮಾಡದಿರುವುದು ಒಳ್ಳೆಯ ಮನೆತನದ ಲಕ್ಷಣವಾದರೆ, ಇಂತಹ ತಂಡಗಳ ವಿಷಯದಲ್ಲಿಯೂ ಹಾಗೆಯೇ.

ಇದಕ್ಕೆ ವಿರುದ್ಧವಾದುದು ವರ್ಷಕ್ಕೊಮ್ಮೆ ಬರುವ ಆಟ. ಫುಟ್‌ಬಾಲಿನ ‘ಇ.ಎ. ಸ್ಪೋರ್ಟ್ಸ್ ಎಫ್.ಸಿ.’ ಮಾಲೆಯ ಹೊಸ ಆಟವು ೨೦೨೩, ೨೦೨೪, ೨೦೨೫—ಮೂರು ವರ್ಷವೂ ಸೆಪ್ಟೆಂಬರಿನಲ್ಲಿ ಬಂದಿತು. ಪಂಚಾಂಗದಂತೆ, ಹೊಸದು ಬಂದೊಡನೆ ಹಳೆಯದು ಮೂಲೆಗೆ. ಇಂತಹುದನ್ನು ವರ್ಷಕ್ಕೊಂದರಂತೆ ಪೂರ್ಣ ಕ್ರಯಕ್ಕೆ ಕೊಳ್ಳುವ ಬದಲು, ಎರಡು ಮೂರು ವರ್ಷಕ್ಕೊಮ್ಮೆ ಕೊಂಡರೆ ಸಾಕು. ಇವುಗಳ ಒಳಗೆ ಮತ್ತೆ ಹಣ ಕೊಟ್ಟು ಆಟಗಾರರ ಚೀಟಿಗಳನ್ನು ಕೊಳ್ಳುವ ಏರ್ಪಾಡೂ ಇರುವುದರಿಂದ, ಪೂರ್ಣ ಕ್ರಯವೆಂಬುದು ಇಲ್ಲಿ ಪೂರ್ಣವಲ್ಲವೆಂಬುದನ್ನು ತಂದೆತಾಯಿಗಳು ಅರಿತಿರಬೇಕು.

ಇನ್ನು ಕೊಂಡವರಿಗಿರುವ ರಕ್ಷಣೆಗಳನ್ನು ಹೇಳುತ್ತೇವೆ. ೨೦೧೫ರ ಜೂನ್ ತಿಂಗಳಿಂದ ಸ್ಟೀಮಿನಲ್ಲಿ, ಕೊಂಡ ೧೪ ದಿನಗಳೊಳಗೆ, ಆಡಿದುದು ಎರಡು ತಾಸಿಗಿಂತ ಕಡಿಮೆಯಾಗಿದ್ದರೆ, ಕಾರಣವೇನೇ ಇರಲಿ, ಹಣವನ್ನು ಹಿಂದಕ್ಕೆ ಕೇಳಬಹುದು. ಕೊಂಡ ಕೂಡಲೇ ಬೆಲೆ ಇಳಿದರೆ, ಹಿಂದಿರುಗಿಸಿ ಇಳಿದ ಬೆಲೆಗೆ ಮರಳಿ ಕೊಳ್ಳುವುದನ್ನು ಅವರು ತಪ್ಪೆಂದೆಣಿಸುವುದಿಲ್ಲ. ಮುಂಚಿತವಾಗಿ ಆಡಲು ಬಿಡುವ ದಿನಗಳ ಆಟವೂ ೨೦೨೪ರಿಂದ ಆ ಎರಡು ತಾಸಿನ ಲೆಕ್ಕಕ್ಕೆ ಸೇರುತ್ತದೆ. ಆದುದರಿಂದ ಹೊಸ ಆಟವನ್ನು ಕೊಂಡ ದಿನವೇ ಒಂದು ತಾಸು ಆಡಿ, ನಮ್ಮ ಯಂತ್ರದಲ್ಲಿ ಸರಾಗವಾಗಿ ನಡೆಯುವುದೋ ಎಂದು ಪರೀಕ್ಷಿಸತಕ್ಕದ್ದು. ಕೊಂಡು ಹಾಗೆಯೇ ಇಟ್ಟು ತಿಂಗಳ ಮೇಲೆ ತೆರೆದರೆ ಈ ಹಕ್ಕು ತಪ್ಪಿಹೋಗುತ್ತದೆ. ೨೦೨೪ರಿಂದ ಒಂದೇ ಮನೆಯ ಆರು ಮಂದಿಯವರೆಗೆ ಕುಟುಂಬವಾಗಿ ಸೇರಿ, ಹಂಚಿಕೊಳ್ಳಲು ಅನುಮತಿಯಿರುವ ಆಟಗಳನ್ನು ಪರಸ್ಪರ ಬಳಸಬಹುದು. ಒಂದೇ ಪ್ರತಿಯನ್ನು ಇಬ್ಬರು ಒಂದೇ ಕಾಲಕ್ಕೆ ಆಡಲಾಗದು, ಅಷ್ಟೆ. ಅಣ್ಣನ ಆಟವನ್ನು ತಂಗಿಗಾಗಿ ಮತ್ತೊಮ್ಮೆ ಕೊಳ್ಳುವ ಮುಂಚೆ ಇದನ್ನು ವಿಚಾರಿಸಿರಿ.

ಮತ್ತೊಂದು ಎಚ್ಚರಿಕೆ. ಈ ಅಂಗಡಿಗಳಲ್ಲಿ ನಾವು ಪಡೆಯುವುದು ಬಹುತೇಕ ಆಡುವ ಪರವಾನಗಿಯೇ ಹೊರತು ಒಡೆತನವಲ್ಲ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಶಾಸನವು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ. ಬಾಳಿಕೆ ಬೇಕೆನ್ನುವವರು ಜಿ.ಒ.ಜಿ. ಎಂಬ ಅಂಗಡಿಯನ್ನು ನೋಡಬಹುದು. ಅಲ್ಲಿ ಆಟದ ಕಡತವನ್ನೇ ಇಳಿಸಿಕೊಂಡು ನಮ್ಮಲ್ಲಿ ಇಟ್ಟುಕೊಳ್ಳಬಹುದು, ೩೦ ದಿನಗಳವರೆಗೆ ಹಣವನ್ನು ಹಿಂದಕ್ಕೂ ಪಡೆಯಬಹುದು.

ಕೊನೆಯದಾಗಿ, ಅಗ್ಗದ ಮೋಹವೂ ದುಂದಿನ ಇನ್ನೊಂದು ಮುಖವೆಂಬುದನ್ನು ಮರೆಯಬಾರದು. ಪೂರ್ಣ ಕ್ರಯಕ್ಕೆ ಕೊಂಡು ಮನಸಾರೆ ಆಡಿದ ಒಂದು ಆಟಕ್ಕಿಂತ, ಕಾಲು ಕ್ರಯಕ್ಕೆ ಕೊಂಡು ತೆರೆಯದೆಯೇ ಉಳಿದ ಹತ್ತು ಆಟಗಳು ಹೆಚ್ಚು ದುಬಾರಿ. ಯಾವ ದಿನ ಕುಳಿತು ಆಡಲು ನಿಜವಾಗಿ ಬಿಡುವಿದೆಯೋ ಆ ದಿನವೇ ಕೊಳ್ಳುವ ದಿನ. ಪರೀಕ್ಷೆಗೆ ತಿಂಗಳಿರುವಾಗ ಸೋಡಿ ಬಂದಿತೆಂದು ಕೊಂಡಿಟ್ಟ ಆಟವು ಹುಡುಗನ ಓದಿಗೂ ಹಾನಿ, ಆಟಕ್ಕೂ ಹಾನಿ.

ನಾವು ಸೂಚಿಸುವ ಕ್ರಮ ಇದು. ಮಗುವು ಒಂದು ಆಟವನ್ನು ಕೇಳಿದ ದಿನ, ಆಟದ ಹೆಸರನ್ನೂ ತಾರೀಖನ್ನೂ ಕ್ರಯವನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಅವನ ಕೈಯಿಂದಲೇ ಬರೆಯಿಸಿರಿ. ಅದನ್ನು ಯಾರೊಡನೆ ಆಡುವೆ, ಯಾವಾಗ ಆಡುವೆ ಎಂದು ಕೇಳಿ, ಉತ್ತರವನ್ನೂ ಪಕ್ಕದಲ್ಲಿ ಬರೆಯಿಸಿರಿ. ಹಿಂದಿನ ಬೆಲೆಗಳ ಇತಿಹಾಸವನ್ನು ಸ್ಟೀಮ್‌ಡಿಬಿ ಎಂಬ ತಾಣದಲ್ಲಿ ನೋಡುವುದನ್ನು ಅವನೇ ಕಲಿಯಲಿ. ತಿಂಗಳು ಕಳೆದ ಮೇಲೆ ಪುಟವನ್ನು ತೆರೆಯಿರಿ. ಆಸೆ ಆರಿದ್ದರೆ ಹಣ ಉಳಿಯಿತು. ಆರದೆ ಉಳಿದಿದ್ದು, ಆಟವು ಒಂಟಿಯಾಗಿ ಆಡುವುದಾದರೆ ಮುಂದಿನ ಸೋಡಿಯನ್ನು ಕಾಯಿರಿ. ಆದರೆ ‘ಯಾರೊಡನೆ’ ಎಂಬಲ್ಲಿ ಒಡಹುಟ್ಟಿದವರ ಹೆಸರೋ, ಊರು ಬಿಡಲಿರುವ ಗೆಳೆಯನ ಹೆಸರೋ ಇದ್ದರೆ ಮಾತ್ರ ಆ ತಿಂಗಳನ್ನೂ ಕಾಯಬೇಡಿರಿ.